ಮೋಶೆಯ ಧರ್ಮಶಾಸ್ತ್ರ ಮನುಷ್ಯರಿಂದ ಪಾಲಿಸಲು ಆಗುವಂಥದ್ದೇ?

ಪ್ರಶ್ನೆ: ಮೋಶೆಯ ಮೂಲಕ ಇಸ್ರಾಯೇಲ್ಯರಿಗೆ ಕೊಟ್ಟ ಈ ಆಜ್ಞೆ ನಿಮಗೆ ಕಷ್ಟದ್ದಲ್ಲ, ದೂರದ್ದೂ ಅಲ್ಲ ಅನ್ನುತ್ತದೆ ಬೈಬಲಿನ ಧರ್ಮೋಪದೇಶಕಾಂಡ 30:11. ಅಪೊಸ್ತಲರ ಕೃತ್ಯಗಳು 15:10ರಲ್ಲಿ ಯೇಸುವಿನ ಶಿಷ್ಯ ಪೇತ್ರ ಇದನ್ನೇ ಹೊರಲಾರದ ನೊಗ ಅನ್ನುತ್ತಾನೆ. ಯಾವುದನ್ನು ಹಿಡಿಯೋದು?

ಉತ್ತರ 1: ಪಾಲಿಸುವುದೆಂದರೆ ಒಂದೂ ತಪ್ಪದಿರುವುದು ಎಂಬ ಲೆಕ್ಕ ಮೊದಲು ಬಿಡಿ. ಜನ ತಪ್ಪುತ್ತಾರೆಂದು ಗೊತ್ತಿದ್ದೇ ಕೊಟ್ಟ ಶಾಸ್ತ್ರವಿದು. ಯಾಜಕಕಾಂಡ 5 ನೋಡಿ: ತಪ್ಪು ಮಾಡಿದವನು ಬಲಿಗಾಗಿ ಹೆಣ್ಣು ಕುರಿಯನ್ನೋ ಹೆಣ್ಣಾಡನ್ನೋ ತರಬೇಕು. ಆಗದಿದ್ದರೆ ಎರಡು ಬೆಳವಕ್ಕಿ ಅಥವಾ ಎರಡು ಪಾರಿವಾಳದ ಮರಿ. ಅದಕ್ಕೂ ಗತಿಯಿಲ್ಲವೇ? ಏಫಾ ಎಂಬ ಧಾನ್ಯದ ಅಳತೆಯ ಹತ್ತನೇ ಒಂದು ಪಾಲು, ಅಂದರೆ ಸುಮಾರು 2 ಲೀಟರ್ ಹಿಟ್ಟು ಸಾಕು. ಎಣ್ಣೆ, ಧೂಪ ಹಾಕಲೇಬಾರದು. ಹೆಣ ಮುಟ್ಟಿ ಅಶುದ್ಧನಾದವನಿಗೆ, ದೂರ ಪ್ರಯಾಣದಲ್ಲಿದ್ದವನಿಗೆ ಐಗುಪ್ತದ ಬಿಡುಗಡೆಯನ್ನು ನೆನೆಯುವ ಪಸ್ಕ ಹಬ್ಬ ಆಚರಿಸಲು ಎರಡನೇ ತಿಂಗಳ 14ರಂದು ಮತ್ತೊಂದು ಅವಕಾಶ (ಅರಣ್ಯಕಾಂಡ 9).

ಉತ್ತರ 2: ಅರಣ್ಯಕಾಂಡ 15:30 ಬಿಟ್ಟುಬಿಟ್ಟಿರಲ್ಲ! ಬೇಕಂತಲೇ, ಸೊಕ್ಕಿನಿಂದ ಮೀರಿದವನಿಗೆ ಯಜ್ಞವಿಲ್ಲ, ಕುಲದಿಂದ ತೆಗೆದುಹಾಕುವುದೇ. ಆರಂಭದ ಕ್ರೈಸ್ತ ಬೋಧಕ ಪೌಲ ತನ್ನ ಪತ್ರದಲ್ಲಿ (ಗಲಾತ್ಯ 3:10) ಎತ್ತುವ, ಶಾಸ್ತ್ರ ಪಾಲಿಸದವನ ಮೇಲಿನ ಶಾಪವೂ ಧರ್ಮೋಪದೇಶಕಾಂಡ 27:26ರದ್ದೇ.

ಉತ್ತರ 1: ಅದೇ ಪೌಲ ಫಿಲಿಪ್ಪಿ 3:6ರಲ್ಲಿ ಧರ್ಮಶಾಸ್ತ್ರದ ಮಟ್ಟಿಗೆ ತಾನು ನಿರ್ದೋಷಿ ಅನ್ನುತ್ತಾನೆ. ಪೇತ್ರ ಮಾತಾಡಿದ್ದು ಅನ್ಯಜನರಿಗೆ, ಅಂದರೆ ಯೆಹೂದ್ಯರಲ್ಲದವರಿಗೆ, ಸುನ್ನತಿ ಬೇಕೇ ಎಂಬ ಚರ್ಚೆಯಲ್ಲಿ. ಸಂದರ್ಭ ಕಿತ್ತು ಓದಿದರೆ ಗೊಂದಲವೇ.

ಉತ್ತರ 3: ರೋಮಾ 7:7ನ್ನೂ ಸೇರಿಸಿ. ಅಲ್ಲಿ ಪೌಲ ಎತ್ತಿಕೊಳ್ಳುವುದು ಊಟ, ಹಬ್ಬದ ನಿಯಮವಲ್ಲ, ಪರರದ್ದನ್ನು ಆಶಿಸಬಾರದೆಂಬ ಹತ್ತನೇ ಆಜ್ಞೆ. ಕೈಕಾಲು ಹಿಡಿತದಲ್ಲಿಡಬಹುದು, ಮನಸ್ಸನ್ನಲ್ಲ.