ಬೆಂಗಳೂರಿನ ಸಂಶೋಧನಾ ಸಂಸ್ಥೆಗಳ ಸೆಮಿನಾರ್‌ಗಳಿಗೆ ನಮ್ಮಂಥವರು ಹೋಗಬಹುದಾ?

ಚೈತ್ರ_ತುಮಕೂರು:

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದೇನೆ, ಫಿಸಿಕ್ಸ್ ಮತ್ತು ಮ್ಯಾಥ್ಸ್. ನಮ್ಮ ಸೀನಿಯರ್ ಅಕ್ಕ ಒಬ್ಬರು ಹೇಳಿದ ಮೇಲೆ ಐಐಎಸ್‌ಸಿ, ರಾಮನ್ ಸಂಶೋಧನಾ ಸಂಸ್ಥೆ, ಹೆಸರಘಟ್ಟದ ಕಡೆ ಇರುವ ಐಸಿಟಿಎಸ್ (ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ), ಈ ಮೂರರ ವೆಬ್‌ಸೈಟ್‌ನಲ್ಲಿ ಮುಂದಿನ ಉಪನ್ಯಾಸಗಳ ಪಟ್ಟಿ ನೋಡುತ್ತಿದ್ದೇನೆ. ಒಂದೇ ವಾರದಲ್ಲಿ ಎಷ್ಟೊಂದು ಇರುತ್ತವೆ! ನೋಡಿದರೆ ಖುಷಿ ಆಗುತ್ತದೆ, ಹಿಂದೆಯೇ ಭಯವೂ ಆಗುತ್ತದೆ. ಶೀರ್ಷಿಕೆಯಲ್ಲಿ ಕಪ್ಪುರಂಧ್ರ (ಬ್ಲ್ಯಾಕ್ ಹೋಲ್) ಅಂತ ಇದ್ದರೆ ಅದೊಂದು ಗೊತ್ತು, ಅದರ ಅಕ್ಕಪಕ್ಕ ಇರುವ ಒಂದು ಪದವೂ ಗೊತ್ತಿಲ್ಲ.

ಕೇಳಬೇಕಾಗಿದ್ದು ಇಷ್ಟು. ಯಾರೂ ಕರೆಯದೆ ಸುಮ್ನೆ ಹೋದರೆ ಗೇಟಿನಲ್ಲಿ ಬಿಡುತ್ತಾರಾ? ಕೊಲೊಕ್ವಿಯಂ, ಸೆಮಿನಾರ್, ಥೀಸಿಸ್ ಡಿಫೆನ್ಸ್, ಪಬ್ಲಿಕ್ ಲೆಕ್ಚರ್ ಅಂತ ಬೇರೆ ಬೇರೆ ಹಾಕಿರುತ್ತಾರಲ್ಲ, ಅದರಲ್ಲಿ ನನ್ನಂಥವಳು ಯಾವುದಕ್ಕೆ ಹೋಗಬೇಕು? ಎಲ್ಲ ಇಂಗ್ಲಿಷ್‌ನಲ್ಲೇ ಇರುತ್ತದೆ, ನಾನು ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಮನೆಯಲ್ಲಿ ರೈಲಿಗೆ ದುಡ್ಡು ಕೊಡುವುದಕ್ಕೆ ಅಪ್ಪನಿಗೆ ಅಡ್ಡಿ ಇಲ್ಲ, ಆದರೆ ಹೋಗಿ ಬಂದರೆ ಏನು ಸಿಗುತ್ತದೆ ಅಂತ ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ.

ಲ್ಯಾಬ್‌ನಿಂದ:

ಚೈತ್ರಾ, ಖಂಡಿತ ಬನ್ನಿ. ನಾನು ಇಲ್ಲೇ ಒಂದು ಸಂಸ್ಥೆಯಲ್ಲಿ ಫಿಸಿಕ್ಸ್ ಪಿಎಚ್‌ಡಿ ಮಾಡುತ್ತಿದ್ದೇನೆ. ಪಟ್ಟಿಗೆ ಹಾಕಿದ ಉಪನ್ಯಾಸ ಅಂದರೆ ಬಹುಪಾಲು ಯಾರು ಬೇಕಾದರೂ ಬಂದು ಕೂರಬಹುದಾದದ್ದೇ. ಟಿಕೆಟ್ ಇಲ್ಲ, ಫೀಸ್ ಇಲ್ಲ. ಕಾಲೇಜಿನ ಗುರುತಿನ ಚೀಟಿ ಇಟ್ಟುಕೊಳ್ಳಿ. ಗೇಟಿನಲ್ಲಿ ಕೇಳಿದರೆ ಯಾವ ವಿಭಾಗ, ಯಾವ ಹಾಲ್, ಎಷ್ಟು ಗಂಟೆಗೆ ಅಂತ ಹೇಳಬೇಕು, ರಿಜಿಸ್ಟರ್‌ನಲ್ಲಿ ಹೆಸರು ಬರೆಸಿಕೊಳ್ಳುತ್ತಾರೆ. ಪ್ರಕಟಣೆಯನ್ನು ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ ಅದನ್ನೇ ತೋರಿಸಬಹುದು.

ಇನ್ನು ಯಾವುದಕ್ಕೆ ಹೋಗಬೇಕು ಅನ್ನುವುದು. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಇದೇ ಮುಖ್ಯ. ಸೆಮಿನಾರ್ ಅಂದರೆ ಅದೇ ವಿಷಯದಲ್ಲಿ ಕೆಲಸ ಮಾಡುವ ಹತ್ತಿಪ್ಪತ್ತು ಜನಕ್ಕೆ ಹೇಳುವುದು. ಅಲ್ಲಿ ಮೂರನೇ ಸ್ಲೈಡಿಗೇ ನನಗೂ ಎಷ್ಟೋ ಸಲ ತಲೆಗೆ ಹತ್ತುವುದಿಲ್ಲ, ಪಕ್ಕದ ಲ್ಯಾಬಿನ ವಿಷಯ ಆದರೂ ಅಷ್ಟೇ. ಕೊಲೊಕ್ವಿಯಂ ಹಾಗಲ್ಲ. ಅದು ಇಡೀ ವಿಭಾಗಕ್ಕೆ. ಲೇಸರ್‌ನವರು, ನಕ್ಷತ್ರದವರು, ಸೂಪರ್‌ಕಂಡಕ್ಟರ್‌ನವರು ಎಲ್ಲ ಒಂದೇ ಹಾಲ್‌ನಲ್ಲಿ ಕೂತಿರುತ್ತಾರೆ, ಆದ್ದರಿಂದ ಮಾತಾಡುವವರು ಮೊದಲ ಇಪ್ಪತ್ತು ನಿಮಿಷವಾದರೂ ಬುಡದಿಂದ ಹೇಳಲೇಬೇಕು. ಬಿಎಸ್ಸಿಯವರಿಗೆ ಆ ಇಪ್ಪತ್ತು ನಿಮಿಷವೇ ಬೇಕಾದಷ್ಟು. ಐಸಿಟಿಎಸ್‌ನಲ್ಲಿ ಚಂದ್ರಶೇಖರ್ ಉಪನ್ಯಾಸ, ರಾಮಾನುಜನ್ ಉಪನ್ಯಾಸ ಅಂತ ಸರಣಿಗಳಿವೆ, ಹೊರಗಿನಿಂದ ಬಂದ ದೊಡ್ಡ ವಿಜ್ಞಾನಿ ಒಬ್ಬರು ಸಾಲಾಗಿ ಕೆಲವು ದಿನ ಮಾತಾಡುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಮೊದಲನೆಯದು ಎಲ್ಲರಿಗೂ, ಉಳಿದವು ಆ ವಿಷಯದವರಿಗೆ. ಮೊದಲನೆಯದಕ್ಕೆ ಬನ್ನಿ.

ಥೀಸಿಸ್ ಡಿಫೆನ್ಸ್ ಬಗ್ಗೆ ಒಂದು ಮಾತು. ಹೊರಗಿನವರು ಇದನ್ನು ಬಿಟ್ಟುಬಿಡುತ್ತಾರೆ, ಬಿಡಬೇಡಿ. ನಿಮಗಿಂತ ಏಳೆಂಟು ವರ್ಷ ದೊಡ್ಡವರು ಒಬ್ಬರು ಬೋರ್ಡ್ ಮುಂದೆ ನಿಂತು, ನಾನು ಇಷ್ಟು ವರ್ಷ ಈ ಒಂದು ಪ್ರಶ್ನೆಯ ಹಿಂದೆ ಇದ್ದೆ, ಇಷ್ಟು ಗೊತ್ತಾಯಿತು, ಇಷ್ಟು ಇನ್ನೂ ಗೊತ್ತಾಗಿಲ್ಲ ಅಂತ ಹೇಳುತ್ತಾರೆ. ಪರೀಕ್ಷಕರು ಕೇಳುತ್ತಾರೆ, ಅವರು ಉತ್ತರಿಸುತ್ತಾರೆ. ಹಿಂದಿನ ಸಾಲಿನಲ್ಲಿ ಎಷ್ಟೋ ಸಲ ಅಪ್ಪ ಅಮ್ಮ ಕೂತಿರುತ್ತಾರೆ. ಪಿಎಚ್‌ಡಿ ಅಂದರೆ ಏನು ಅಂತ ಅದನ್ನು ನೋಡಿದರೆ ಗೊತ್ತಾಗುವಷ್ಟು ಬೇರೆ ಯಾವುದರಿಂದಲೂ ಆಗುವುದಿಲ್ಲ.

ಎದ್ದು ಹೋಗುವುದು ತಪ್ಪಲ್ಲ, ಬಾಗಿಲ ಹತ್ತಿರ ಕೂರಿ. ಬೇರೆ ಮೀಟಿಂಗ್ ಇದ್ದವರು ಮಧ್ಯದಲ್ಲಿ ಎದ್ದು ಹೋಗುವುದು ಇಲ್ಲಿ ದಿನಾ ಇದ್ದದ್ದೇ.

ನಿವೃತ್ತ_ಮೇಷ್ಟ್ರು:

ಮಗಳೇ, ನಿನ್ನ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು ನಾನು. ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಾನು ಎರಡು ವಿಷಯ ಸೇರಿಸುತ್ತೇನೆ.

ಮೊದಲನೆಯದು ಅಕ್ಟೋಬರ್ 2. ಮೇಖ್ರಿ ಸರ್ಕಲ್ ಹತ್ತಿರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಗಾಂಧಿ ಜಯಂತಿಯ ದಿನ ಸಾಮಾನ್ಯವಾಗಿ ಗಾಂಧಿ ಸ್ಮಾರಕ ಉಪನ್ಯಾಸ ನಡೆಯುತ್ತದೆ. ಅದನ್ನು ಶುರು ಮಾಡಿದವರು ಸಿ.ವಿ. ರಾಮನ್ ಅವರೇ. ಅವರು ಇದ್ದಷ್ಟು ಕಾಲ ಅವರೇ ಮಾತಾಡುತ್ತಿದ್ದರು. 1970ರ ಅಕ್ಟೋಬರ್ 2ರಂದೂ ಮಾತಾಡಿದರು, ಅದಾಗಿ ಎರಡು ತಿಂಗಳು ತುಂಬುವ ಮೊದಲೇ, ನವೆಂಬರ್ 21ರಂದು ತೀರಿಕೊಂಡರು. ಅದೇ ಆವರಣದಲ್ಲೇ ಅವರ ಅಂತ್ಯಸಂಸ್ಕಾರ ಆಯಿತು, ಆ ಜಾಗದಲ್ಲಿ ಒಂದು ಮರ ಇದೆ. ನೊಬೆಲ್ ಬಂದು ನಲವತ್ತು ವರ್ಷ ಆಗಿದ್ದ ಮನುಷ್ಯ, ಎಂಬತ್ತೊಂದು ವಯಸ್ಸು, ಸಾಮಾನ್ಯ ಜನರಿಗೆ ವಿಜ್ಞಾನ ಹೇಳುವ ಕೆಲಸವನ್ನು ಕೊನೆಯವರೆಗೂ ಬಿಡಲಿಲ್ಲ. ಅಲ್ಲಿಗೆ ನೀನು ಹೋಗಬಹುದಾ ಅಂತ ಕೇಳುತ್ತೀಯಲ್ಲ, ಅದು ಇರುವುದೇ ನಿನ್ನಂಥವರಿಗೆ.

ಎರಡನೆಯದು ನೆಹರೂ ತಾರಾಲಯ. ಐಸಿಟಿಎಸ್‌ನವರ 'ಕಾಪಿ ವಿತ್ ಕ್ಯೂರಿಯಾಸಿಟಿ' ಅಂತ ಸಾರ್ವಜನಿಕ ಉಪನ್ಯಾಸ ಎಷ್ಟೋ ಸಲ ಅಲ್ಲೇ, ಭಾನುವಾರ ನಡೆಯುತ್ತದೆ. ಹೆಸರಘಟ್ಟ ಕಡೆ ಹೋಗಿ ಬರುವ ತಾಪತ್ರಯ ಇಲ್ಲ, ಕಾಲೇಜು ತಪ್ಪಿಸಬೇಕಾಗಿಯೂ ಇಲ್ಲ. ತಾರಾಲಯದಲ್ಲಿ ಬಿಎಸ್ಸಿ ಮಕ್ಕಳಿಗಾಗಿಯೇ 'ರೀಪ್' ಅಂತ ವಾರಾಂತ್ಯದ ಫಿಸಿಕ್ಸ್ ತರಗತಿಗಳೂ ಬಹಳ ವರ್ಷದಿಂದ ನಡೆದುಬಂದಿವೆ, ವಿಚಾರಿಸು.

ಆ ತಾರಾಲಯದ ಮೊದಲ ನಿರ್ದೇಶಕರು ಸಿ.ವಿ. ವಿಶ್ವೇಶ್ವರ. ಬೆಂಗಳೂರಿನಲ್ಲೇ 1938ರಲ್ಲಿ ಹುಟ್ಟಿದವರು. ಕಪ್ಪುರಂಧ್ರ ಒಂದೇ ಗೊತ್ತು ಅಂದೆಯಲ್ಲ, ಅಲ್ಲಿಂದಲೇ ಹಿಡಿ. ಕಪ್ಪುರಂಧ್ರವನ್ನು ಕದಲಿಸಿದರೆ ಏನಾಗುತ್ತದೆ ಅಂತ ಅವರು ಲೆಕ್ಕ ಹಾಕಿ 1970ರಲ್ಲಿ ಬರೆದರು: ಗಂಟೆ ಬಡಿದ ಮೇಲೆ ದನಿ ಕ್ಷೀಣಿಸುತ್ತಾ ಹೋಗುವ ಹಾಗೆ ಅದು ಗುರುತ್ವದ ಅಲೆಗಳನ್ನು ಹೊರಡಿಸುತ್ತಾ ಸುಮ್ಮನಾಗುತ್ತದೆ, ಆ ದನಿಯಿಂದ ಕಪ್ಪುರಂಧ್ರದ ತೂಕ ಹೇಳಬಹುದು. ಆಗ ಅಂಥ ಅಲೆಯನ್ನು ಹಿಡಿಯಬಲ್ಲ ಯಂತ್ರವೇ ಇರಲಿಲ್ಲ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಎಂಬ ಯಂತ್ರ ಅಂಥ ಅಲೆಯನ್ನು ಹಿಡಿಯಿತು, ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುರಂಧ್ರ ಕೂಡಿಕೊಂಡದ್ದು. 2016ರ ಫೆಬ್ರವರಿಯಲ್ಲಿ ಸುದ್ದಿ ಹೊರಬಂದಾಗ ವಿಶ್ವೇಶ್ವರ ಇನ್ನೂ ಇದ್ದರು, ಮುಂದಿನ ವರ್ಷ ಹೋದರು. ಇಷ್ಟು ತಿಳಿದುಕೊಂಡು ಹೋದರೆ ಕಪ್ಪುರಂಧ್ರದ ಯಾವ ಉಪನ್ಯಾಸದಲ್ಲೂ ನಿನಗೆ ಹಿಡಿದುಕೊಳ್ಳುವುದಕ್ಕೆ ಒಂದು ಜಾಗ ಸಿಗುತ್ತದೆ.

ಕೋಡಿಂಗ್_ಕೆಲಸ:

ಎಲ್ಲರೂ ಹೋಗಿ ಅನ್ನುತ್ತಿದ್ದೀರಿ, ನಾನು ಬೇರೆ ಹೇಳುತ್ತೇನೆ. ತುಮಕೂರಿನಿಂದ ಹೋಗಿ ಬರುವುದು ಒಂದು ಇಡೀ ದಿನ. ಐಸಿಟಿಎಸ್‌ನವರು ತಮ್ಮ ಉಪನ್ಯಾಸಗಳನ್ನು ಯೂಟ್ಯೂಬ್‌ಗೆ ಹಾಕುತ್ತಾರೆ, ವರ್ಷಗಟ್ಟಲೆಯದು ಅಲ್ಲಿದೆ. ನಿಲ್ಲಿಸಿ, ಹಿಂದೆ ಹೋಗಿ, ಗೊತ್ತಿಲ್ಲದ ಪದ ಹುಡುಕಿ ನೋಡಬಹುದು. ಇಂಗ್ಲಿಷ್ ಕಷ್ಟ ಅನ್ನುವವರಿಗೆ ಇದು ಜಾಸ್ತಿ ಉಪಯೋಗ ಅಲ್ವಾ? ನಾನು ಹಾಗೇ ನೋಡುವುದು.

ಜೀವಕೋಶ_ಅಕ್ಕ:

ನೋಡಬೇಕು, ಇಲ್ಲ ಅನ್ನುವುದಿಲ್ಲ. ಹೋಗುವ ಮುಂಚೆ ಅದೇ ವಿಜ್ಞಾನಿಯ ಹಳೇ ವಿಡಿಯೋ ಒಂದನ್ನು ನಿಲ್ಲಿಸಿ ನಿಲ್ಲಿಸಿ ನೋಡಿಕೊಂಡು ಹೋದರೆ ಅರ್ಧ ಇಂಗ್ಲಿಷ್ ಭಯ ಅಲ್ಲೇ ಹೋಗುತ್ತದೆ. ಆದರೆ ವಿಡಿಯೋ ಸಾಕು ಅನ್ನುವ ಮಾತು ನಾನು ಒಪ್ಪುವುದಿಲ್ಲ. ಸಣ್ಣ ಊರಿನ ಮಕ್ಕಳಿಗೆ ಹಾಗೆ ಹೇಳಲೇಬಾರದು. ಬೆಂಗಳೂರಿನ ದೊಡ್ಡ ಕಾಲೇಜಿನ ಹುಡುಗನಿಗೆ ಈ ಕ್ಯಾಂಪಸ್‌ಗಳು ಪಕ್ಕದ ಬೀದಿ, ಅವನ ಸ್ನೇಹಿತನ ಅಮ್ಮ ಅಲ್ಲೇ ಪ್ರೊಫೆಸರ್ ಇರಬಹುದು. ಚೈತ್ರಾಳಿಗೆ ಆ ಜನರ ಮುಖ ಪರಿಚಯ ಆಗುವ ದಾರಿ ಇದೊಂದೇ. ಸ್ಕ್ರೀನ್ ಒಳಗಿರುವವರು ನಿನ್ನ ಹೆಸರು ಕೇಳುವುದಿಲ್ಲ.

ನಾನು ಜೀವಶಾಸ್ತ್ರದವಳು, ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯದ ಕ್ಯಾಂಪಸ್) ಒಳಗಿರುವ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ಉಪನ್ಯಾಸಗಳಿಗೆ ಹೋಗುತ್ತಿರುತ್ತೇನೆ. ಅಲ್ಲಿ ಒಂದು ಮಧ್ಯಾಹ್ನ ಇರುವೆಗಳು ದಾರಿ ಹೇಗೆ ನೆನಪಿಡುತ್ತವೆ ಅಂತ ಕೇಳಬಹುದು, ಮಾರನೇ ದಿನ ಜೀವಕೋಶದ ಒಳಗೆ ಪ್ರೋಟೀನು ಹೇಗೆ ಸಾಗುತ್ತದೆ ಅಂತ. ಫಿಸಿಕ್ಸ್‌ನವರೂ ಬರುತ್ತಾರೆ. ನಿಜವಾದ ಮಾತುಕತೆ ನಡೆಯುವುದು ಮುಗಿದ ಮೇಲೆ, ಟೀ ಕಪ್ಪು ಹಿಡಿದುಕೊಂಡು ಕಾರಿಡಾರ್‌ನಲ್ಲಿ. ಹಾಲ್‌ನಲ್ಲಿ ಕೈ ಎತ್ತುವುದಕ್ಕೆ ಆಗದವರು ಅಲ್ಲಿ ಹೋಗಿ, ನಾನು ಬಿಎಸ್ಸಿ ವಿದ್ಯಾರ್ಥಿನಿ, ಇದೊಂದು ಗ್ರಾಫ್ ಅರ್ಥವಾಗಲಿಲ್ಲ ಅಂತ ಕೇಳಿದರೆ ಸಾಕು. ಪೆನ್ನು ತೆಗೆದು ಬರೆದು ತೋರಿಸುತ್ತಾರೆ. ಬೆಂಗಳೂರಿನಲ್ಲಿ ಕನ್ನಡ ಬಲ್ಲ ವಿಜ್ಞಾನಿಗಳು, ಸಂಶೋಧನಾ ವಿದ್ಯಾರ್ಥಿಗಳು ಬೇಕಾದಷ್ಟಿದ್ದಾರೆ, ಧೈರ್ಯವಾಗಿ ಕನ್ನಡದಲ್ಲೇ ಶುರು ಮಾಡು. ಬರದಿದ್ದವರು ಪಕ್ಕದವರನ್ನು ಕರೆಯುತ್ತಾರೆ.

ಅಪ್ಪನಿಗೆ ಏನು ಹೇಳಬೇಕು ಅಂತ ಕೇಳಿದೆಯಲ್ಲ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಫೆಲೋಶಿಪ್ ಕೊಡುತ್ತವೆ. ಸ್ಟೈಪೆಂಡ್ ಕೊಟ್ಟು, ಎರಡು ತಿಂಗಳ ಮಟ್ಟಿಗೆ ಒಬ್ಬ ವಿಜ್ಞಾನಿಯ ಜೊತೆ ಕೆಲಸಕ್ಕೆ ಹಾಕುತ್ತಾರೆ. ಅರ್ಜಿ ಸಾಮಾನ್ಯವಾಗಿ ಹಿಂದಿನ ವರ್ಷದ ನವೆಂಬರ್ ಹೊತ್ತಿಗೆ ಮುಗಿಯುತ್ತದೆ. ನನಗೆ ಯಾಕೆ ಈ ವಿಷಯ ಬೇಕು ಅಂತ ಅರ್ಜಿಯ ಜೊತೆ ಬರೆಯಬೇಕು. ಯಾವ ಉಪನ್ಯಾಸವನ್ನೂ ಕೇಳದ ಮಕ್ಕಳು ಅಲ್ಲಿ 'ನನಗೆ ಬಾಲ್ಯದಿಂದ ವಿಜ್ಞಾನದಲ್ಲಿ ಆಸಕ್ತಿ' ಅಂತ ಬರೆಯುತ್ತಾರೆ. ನೀನು, ಇಂಥವರ ಮಾತು ಕೇಳಿದೆ, ಅವರು ಈ ಪ್ರಶ್ನೆಯನ್ನು ತೆರೆದೇ ಬಿಟ್ಟರು, ಅದನ್ನು ಹಿಡಿದು ಕೆಲಸ ಮಾಡಬೇಕು ಅಂತ ಬರೆಯಬಹುದು. ಓದುವವರಿಗೆ ವ್ಯತ್ಯಾಸ ಕಾಣುತ್ತದೆ.

ಚೈತ್ರ_ತುಮಕೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫೆಲೋಶಿಪ್ ವಿಷಯ ಅಪ್ಪನಿಗೆ ಓದಿ ಹೇಳಿದೆ, ಹೋಗಿ ಬಾ ಅಂದರು. ಮೇಷ್ಟ್ರೇ, ವಿಶ್ವೇಶ್ವರ ಅವರ ಬಗ್ಗೆ ನಮ್ಮ ಕಾಲೇಜಿನಲ್ಲಿ ಯಾರೂ ಒಂದು ಮಾತೂ ಹೇಳಿರಲಿಲ್ಲ, ನಮ್ಮ ಭಾಷೆಯವರೇ ಅಂತ ಗೊತ್ತಾಗಿ ಒಂಥರಾ ಆಯಿತು. ಮೊದಲು ತಾರಾಲಯದ ಭಾನುವಾರದ್ದಕ್ಕೆ, ಆಮೇಲೆ ಐಐಎಸ್‌ಸಿ ಫಿಸಿಕ್ಸ್ ಕೊಲೊಕ್ವಿಯಂಗೆ ಹೋಗೋಣ ಅಂತಿದ್ದೇವೆ, ಜೊತೆಗೆ ಗೆಳತಿ ಒಬ್ಬಳು ಬರುತ್ತಾಳೆ. ಸಂಜೆ ನಾಲ್ಕಕ್ಕೆ ಅಂತ ಇದ್ದರೆ ಎಷ್ಟು ಹೊತ್ತಿಗೆ ಮುಗಿಯುತ್ತದೆ? ವಾಪಸ್ ರೈಲು ನೋಡಿಕೊಳ್ಳಬೇಕು.

ಲ್ಯಾಬ್‌ನಿಂದ:

ಸಾಮಾನ್ಯವಾಗಿ ಒಂದು ಗಂಟೆ ಮಾತು, ಆಮೇಲೆ ಪ್ರಶ್ನೆ. ಐದೂಕಾಲಿಗೆಲ್ಲ ಹೊರಗೆ ಬರಬಹುದು, ಟೀಗೆ ನಿಂತರೆ ಐದೂವರೆ ದಾಟುತ್ತದೆ. ನಿಲ್ಲಿ. ಬರುವಾಗಲೂ ಹೋಗುವಾಗಲೂ ಯಶವಂತಪುರ ಸ್ಟೇಷನ್ ಹಿಡಿಯಿರಿ, ಮೆಜೆಸ್ಟಿಕ್‌ವರೆಗೆ ಹೋಗುವುದು ಬೇಡ, ಯಶವಂತಪುರದಿಂದ ಐಐಎಸ್‌ಸಿಗೆ ಆಟೋದಲ್ಲಿ ಹತ್ತಿರ. ಕ್ಯಾಂಪಸ್ ದೊಡ್ಡದು, ಗೇಟಿನಿಂದ ವಿಭಾಗಕ್ಕೆ ನಡೆಯುವುದಕ್ಕೆ ಸಮಯ ಬಿಟ್ಟುಕೊಳ್ಳಿ. ಹೊರಡುವ ದಿನ ಬೆಳಿಗ್ಗೆ ವೆಬ್‌ಸೈಟ್ ಇನ್ನೊಂದು ಸಲ ನೋಡಿ, ಹಾಲ್ ಬದಲಾಗುವುದು, ಮುಂದಕ್ಕೆ ಹೋಗುವುದು ಆಗುತ್ತಿರುತ್ತದೆ. ಯಾವ ದಿನ ಅಂತ ಗೊತ್ತಾದ ಮೇಲೆ ಇಲ್ಲಿ ಹಾಕಿ, ಆ ದಿನ ನಾನು ಊರಲ್ಲಿದ್ದರೆ ಹಾಲ್ ಬಾಗಿಲ ಹತ್ತಿರ ಸಿಗುತ್ತೇನೆ.