ಸುತ್ತಳತೆ ಗೊತ್ತಿದ್ದರೆ ವಿಸ್ತೀರ್ಣ ಹೇಳಬಹುದೇ?

ಪ್ರಶ್ನೆ: ಚೌಕದ ಸುತ್ತಳತೆ 40 ಮೀಟರ್ ಎಂದರೆ ವಿಸ್ತೀರ್ಣ 100 ಚದರ ಮೀಟರ್ ಎಂದು ತಕ್ಷಣ ಹೇಳಬಹುದು. ಬೇರೆ ಆಕಾರಗಳಿಗೆ ಯಾಕೆ ಹಾಗೆ ಹೇಳಲು ಬರುವುದಿಲ್ಲ? ಇನ್ನೊಂದು ವಿಷಯ: ಬಾಹು 4 ಮೀಟರ್ ಇರುವ ಚೌಕಕ್ಕೆ ಸುತ್ತಳತೆಯೂ 16, ವಿಸ್ತೀರ್ಣವೂ 16. ಇದರಲ್ಲಿ ಏನಾದರೂ ವಿಶೇಷ ಇದೆಯಾ? ಬಲ್ಲವರು ತಿಳಿಸಿ.

ಗಣಿತ ಶಿಕ್ಷಕಿ: ಚೌಕಕ್ಕೆ ಬೇಕಾದದ್ದು ಒಂದೇ ಅಳತೆ. ಸುತ್ತಳತೆಯನ್ನು 4ರಿಂದ ಭಾಗಿಸಿದರೆ ಬಾಹು, ಬಾಹುವಿನ ವರ್ಗವೇ ವಿಸ್ತೀರ್ಣ. ಆಯತಕ್ಕೆ ಉದ್ದ, ಅಗಲ ಎರಡೂ ಬೇಕು. ಸುತ್ತಳತೆ ಹೇಳುವುದು ಅವುಗಳ ಮೊತ್ತವನ್ನು ಮಾತ್ರ. ಸುತ್ತಳತೆ 40 ಆದರೆ ಉದ್ದ, ಅಗಲ ಸೇರಿ 20. ಅದು 12×8 ಆದರೆ ವಿಸ್ತೀರ್ಣ 96, 15×5 ಆದರೆ 75, 19×1 ಆದರೆ ಬರೀ 19.

ಚೌಕದ 100ಕ್ಕಿಂತ ಎಷ್ಟೆಷ್ಟು ಕಡಿಮೆಯಾಯಿತು ನೋಡಿ: 4, 25, 81. ಉದ್ದ 10ನ್ನು ದಾಟಿರುವುದು 2, 5, 9. ದಾಟಿದ್ದರ ವರ್ಗದಷ್ಟೇ ಜಾಗ ಕಳೆದುಹೋಗಿದೆ. ಕಾರಣ ಇಷ್ಟೆ: (10 + ಕ) × (10 − ಕ) = 100 − ಕ². ವರ್ಗ ಎಂದೂ ಋಣವಾಗದು, ಹಾಗಾಗಿ ಒಂದೇ ಸುತ್ತಳತೆಯ ಆಯತಗಳಲ್ಲಿ ಚೌಕದ ವಿಸ್ತೀರ್ಣವೇ ಹೆಚ್ಚು. ಮಕ್ಕಳಿಗೆ ಹೇಳಿಕೊಡುವವರು ದಯವಿಟ್ಟು ಸೂತ್ರವನ್ನು ಮೊದಲೇ ಕೊಡಬೇಡಿ. 4, 25, 81 ಅವರ ಕಣ್ಣಿಗೇ ಬೀಳಲಿ.

ಇನ್ನು ಆ 16ರ ವಿಷಯ. ಮೀಟರನ್ನು ಸೆಂಟಿಮೀಟರ್ ಮಾಡಿದರೆ ಸುತ್ತಳತೆ 1,600 ಸೆಂ.ಮೀ., ವಿಸ್ತೀರ್ಣ 1,60,000 ಚದರ ಸೆಂ.ಮೀ. ಸಮಾನತೆ ಮಾಯ! ಉದ್ದವನ್ನೂ ಜಾಗವನ್ನೂ ಹೋಲಿಸಲು ಬರುವುದಿಲ್ಲ, ಹೊಂದಿದ್ದು ಅಂಕಿ ಮಾತ್ರ. ಆದರೂ ಅದು ಸುಮ್ಮನೆ ಹೊಂದಿದ್ದಲ್ಲ. ಎಲ್ಲ ಬಾಹುಗಳನ್ನೂ ಮುಟ್ಟುವಂತೆ ಒಳಗೊಂದು ವೃತ್ತ ಕೂರುವ ಆಕಾರವಾದರೆ, ವೃತ್ತದ ಕೇಂದ್ರದಿಂದ ಮೂಲೆಗಳಿಗೆ ಗೆರೆ ಎಳೆಯಿರಿ. ಆಕಾರ ತ್ರಿಭುಜಗಳಾಗಿ ಒಡೆಯುತ್ತದೆ, ಪ್ರತಿಯೊಂದರ ಎತ್ತರವೂ ವೃತ್ತದ ತ್ರಿಜ್ಯವೇ. ಹಾಗಾಗಿ ವಿಸ್ತೀರ್ಣ = ಸುತ್ತಳತೆ × ತ್ರಿಜ್ಯ ÷ 2. ತ್ರಿಜ್ಯ 2 ಆದಾಗಲೆಲ್ಲ ಎರಡೂ ಅಂಕಿ ಒಂದೇ. 6, 8, 10 ಬಾಹುಗಳ ತ್ರಿಭುಜಕ್ಕೆ ಎರಡೂ 24. 5, 12, 13ಕ್ಕೆ ಎರಡೂ 30. (6×3 ಆಯತಕ್ಕೂ ಎರಡೂ 18 ಬರುತ್ತವೆ, ಆದರೆ ಅದರೊಳಗೆ ನಾಲ್ಕೂ ಬಾಹು ಮುಟ್ಟುವ ವೃತ್ತ ಕೂರುವುದಿಲ್ಲ, ಅಲ್ಲಿ ಈ ಕಾರಣ ನಡೆಯದು.)

ಮರುಪ್ರಶ್ನೆ: ತುಂಬಾ ಸ್ಪಷ್ಟವಾಯಿತು ಮೇಡಂ. ಅದೇ 40 ಮೀಟರಿಗೆ ಚೌಕಕ್ಕಿಂತ ಹೆಚ್ಚು ಜಾಗ ಕೊಡುವ ಆಕಾರ ಇದೆಯೇ? ವಿಸ್ತೀರ್ಣ ಕಡಿಮೆಯಾದರೆ ಸುತ್ತಳತೆಯೂ ಕಡಿಮೆಯಾಗಬೇಕಲ್ಲವೇ?

ಗಣಿತ ಶಿಕ್ಷಕಿ: ಇದೆ. ಸಮಬಾಹು ತ್ರಿಭುಜ ಮಾಡಿದರೆ ಸುಮಾರು 77 ಚದರ ಮೀಟರ್, ಚೌಕಕ್ಕೆ 100, ಎಲ್ಲ ಬಾಹು, ಕೋನ ಸಮ ಇರುವ ಷಡ್ಭುಜಕ್ಕೆ ಸುಮಾರು 115.5, ವೃತ್ತಕ್ಕೆ 127.3. ವೃತ್ತವನ್ನು ಮೀರಿಸುವ ಆಕಾರವಿಲ್ಲ.

ಎರಡನೆಯದು ತಪ್ಪು, ಇಲ್ಲೇ ಬಹಳ ಜನ ಎಡವುತ್ತಾರೆ. 10×10 ಕಾಗದದ ಒಂದು ಮೂಲೆಯಿಂದ 3×2 ತುಂಡು ಕತ್ತರಿಸಿ ತೆಗೆಯಿರಿ. ವಿಸ್ತೀರ್ಣ 94ಕ್ಕೆ ಇಳಿಯಿತು, ಸುತ್ತಳತೆ ಮಾತ್ರ 40 ಆಗಿಯೇ ಉಳಿಯಿತು: ಹೋದ 3 ಮತ್ತು 2ರ ಅಂಚುಗಳಿಗೆ ಬದಲಾಗಿ ಒಳಗೆ ಅಷ್ಟೇ ಉದ್ದದ ಅಂಚುಗಳು ಹುಟ್ಟಿದವು. ಅದೇ ತುಂಡನ್ನು ಬಾಹುವಿನ ನಡುವಿನಿಂದ, ಒಳಕ್ಕೆ 2 ಇರುವಂತೆ ಕತ್ತರಿಸಿದರೆ ವಿಸ್ತೀರ್ಣ ಮತ್ತೆ 94, ಸುತ್ತಳತೆ 44ಕ್ಕೆ ಏರುತ್ತದೆ. ಎರಡೂ ಲೆಕ್ಕಕ್ಕೆ ಸಿಕ್ಕಂತೆ ಒಟ್ಟಿಗೆ ಏರಿ ಇಳಿಯುವುದು ಆಕಾರ ಬದಲಾಗದೆ ಅಳತೆ ಮಾತ್ರ ಬದಲಾದಾಗ: ಸುತ್ತಳತೆ ಇಮ್ಮಡಿಯಾದರೆ ವಿಸ್ತೀರ್ಣ ನಾಲ್ಕು ಪಟ್ಟು. ವಿಸ್ತೀರ್ಣ ಇಮ್ಮಡಿ ಬೇಕಿದ್ದರೆ ಬಾಹುವನ್ನು 1.414ರಿಂದ ಗುಣಿಸಿದರೆ ಸಾಕು.

ಸರ್ವೇಯರ್: ಮೇಡಂ ಹೇಳಿದ್ದಕ್ಕೆ ನೆಲದ ಮೇಲಿನ ಮಾತೊಂದು ಸೇರಿಸುತ್ತೇನೆ. ನಾಲ್ಕು ಬದಿಯನ್ನೂ ಬೇರೆಬೇರೆಯಾಗಿ ಅಳೆದರೂ ವಿಸ್ತೀರ್ಣ ನಿರ್ಧಾರವಾಗುವುದಿಲ್ಲ. ನಾಲ್ಕೂ ಬದಿ 10 ಮೀಟರ್ ಇದ್ದು ಒಂದು ಕರ್ಣ 12 ಇದ್ದರೆ ಜಾಗ 96 ಚದರ ಮೀಟರ್. ಅದೇ ಕರ್ಣ 6 ಇದ್ದರೆ ಸುಮಾರು 57. ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸುವ ಪದ್ಧತಿ ಎರಡಕ್ಕೂ 100 ಎನ್ನುತ್ತದೆ. ಮೂಲೆಗಳು ನೇರ 90 ಡಿಗ್ರಿ ಇಲ್ಲದಿದ್ದರೆ ಆ ಪದ್ಧತಿ ಯಾವಾಗಲೂ ಹೆಚ್ಚೇ ತೋರಿಸುತ್ತದೆ. ಎರಡನೇ ಭಾಸ್ಕರಾಚಾರ್ಯರು 1150ರ ಲೀಲಾವತಿಯಲ್ಲೇ, ಲಂಬವನ್ನೋ ಕರ್ಣವನ್ನೋ ಹೇಳದೆ ಚತುರ್ಭುಜದ ಕ್ಷೇತ್ರಫಲ ಕೇಳುವವನು ಪಿಶಾಚಿ, ಉತ್ತರ ಹೇಳುವವನು ಅವನಿಗಿಂತ ದೊಡ್ಡ ಪಿಶಾಚಿ ಎಂದು ಬರೆದಿದ್ದಾರೆ.

ಮಾಡಬೇಕಾದದ್ದು: ಒಂದು ಕರ್ಣ ಅಳೆದು ಜಾಗವನ್ನು ಎರಡು ತ್ರಿಭುಜ ಮಾಡಿಕೊಳ್ಳಿ. ಪ್ರತಿ ತ್ರಿಭುಜಕ್ಕೂ ಅರ್ಧ ಸುತ್ತಳತೆ ತೆಗೆದು, ಅದರಿಂದ ಮೂರು ಬಾಹುಗಳನ್ನು ಒಂದೊಂದಾಗಿ ಕಳೆಯಿರಿ. ನಾಲ್ಕೂ ಸಂಖ್ಯೆಗಳ ಗುಣಲಬ್ಧದ ವರ್ಗಮೂಲವೇ ಅದರ ವಿಸ್ತೀರ್ಣ. 10, 10, 12ಕ್ಕೆ ಅರ್ಧ ಸುತ್ತಳತೆ 16; 16 × 6 × 6 × 4 = 2304, ವರ್ಗಮೂಲ 48, ಎರಡು ತ್ರಿಭುಜಕ್ಕೆ 96. ಸಮಯವಿದ್ದರೆ ಎರಡನೇ ಕರ್ಣವನ್ನೂ ಅಳೆಯಿರಿ. ಇಲ್ಲಿ ಅದು 16 ಬರಬೇಕು. ಬರದಿದ್ದರೆ ಟೇಪು ಜೋತುಬಿದ್ದಿರಬಹುದು, ಇಲ್ಲವೇ ಯಾವುದೋ ಮೂಲೆಯ ಗುರುತು ತಪ್ಪಿರಬಹುದು. ಲೆಕ್ಕಕ್ಕೆ ಕೂರುವ ಮೊದಲು ಮತ್ತೊಮ್ಮೆ ಅಳೆಯಿರಿ.