ಹೊರಗಿನವರ ಕಣ್ಣಿಂದ ನಮ್ಮ ಕೆಲಸ ನೋಡಿಸುವುದು ಹೇಗೆ? ಗೊತ್ತಿರುವವರು ತಿಳಿಸಿ

ಪ್ರಶ್ನೆ

ನಮ್ಮ ವಿಭಾಗದಲ್ಲಿ 14 ಜನ. ಹೆಚ್ಚಿನವರು ಏಳೆಂಟು ವರ್ಷದಿಂದ ಒಟ್ಟಿಗಿದ್ದಾರೆ. ಪಾಳಿ ಬದಲಾಗುವಾಗ ಮಾಹಿತಿ ಬಿಟ್ಟುಹೋಗುತ್ತದೆ, ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ. ಮೀಟಿಂಗ್ ಕರೆದರೆ ಪ್ರತಿ ಸಲವೂ ಅವೇ ನಾಲ್ಕು ಉಪಾಯಗಳು ಬರುತ್ತವೆ. ಸಂಬಂಧವಿಲ್ಲದವರನ್ನು ಕರೆದು ತೋರಿಸಿದರೆ ಏನಾದರೂ ಹೊಳೆಯಬಹುದೇ ಎಂಬ ಯೋಚನೆ ಇದೆ. ಯಾರನ್ನು ಕರೆಯಬೇಕು, ಎಷ್ಟು ಹೊತ್ತು, ಏನು ಕೇಳಬೇಕು, ಎಲ್ಲಿ ಎಡವುತ್ತಾರೆ?

ಉತ್ತರ 1 (ಪ್ರಕ್ರಿಯೆ ಸುಧಾರಣೆ)

ನಿಮ್ಮ ಉದ್ಯಮ ಗೊತ್ತಿರುವವರಿಗಿಂತ ನಿಮ್ಮ ತೊಂದರೆಯ ಸ್ವರೂಪ ಗೊತ್ತಿರುವವರು ಬೇಕು. "ಇದೇ ಕೆಲಸವನ್ನು ನಮಗಿಂತ ಕಡಿಮೆ ಸಮಯದಲ್ಲಿ, ತಪ್ಪಿದರೆ ನಮಗಿಂತ ಹೆಚ್ಚು ನಷ್ಟವಾಗುವ ಕಡೆ ದಿನವೂ ಯಾರು ಮಾಡುತ್ತಾರೆ?" ಎಂದು ಕೇಳಿಕೊಳ್ಳಿ. ಉತ್ತರವಾಗಿ ಬರುವವರೇ ನಿಮ್ಮ ಹೊರಗಿನವರು.

ನಿಮ್ಮದೇ ತೊಂದರೆಗೆ ಒಳ್ಳೆಯ ಉದಾಹರಣೆ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆ. ಹೃದಯದ ಶಸ್ತ್ರಚಿಕಿತ್ಸೆ ಮುಗಿದ ಮಗುವನ್ನು ತೀವ್ರ ನಿಗಾ ಘಟಕಕ್ಕೆ ಒಪ್ಪಿಸುವಾಗ ತಪ್ಪುಗಳಾಗುತ್ತಿದ್ದವು. ಅವರು ಸಲಹೆ ಕೇಳಿದ್ದು ಫೆರಾರಿಯ ಫಾರ್ಮುಲಾ ಒನ್ ಕಾರ್ ರೇಸ್ ತಂಡವನ್ನು ಮತ್ತು ವಿಮಾನದ ಪೈಲಟ್‌ಗಳನ್ನು. ರೇಸಿನವರ ಕಣ್ಣಿಗೆ ಬಿದ್ದದ್ದು, ಈ ಒಪ್ಪಿಸುವ ಕೆಲಸಕ್ಕೆ ಯಜಮಾನ ಯಾರು ಎಂಬುದೇ ಸ್ಪಷ್ಟವಿಲ್ಲ ಎಂಬುದು. ರೇಸಿನ ನಡುವೆ ಚಕ್ರ ಬದಲಿಸುವಾಗ ಕಾರು ಹೊರಡಬಹುದು ಎಂದು ಹೇಳುವವನು ಒಬ್ಬನೇ. ಆಸ್ಪತ್ರೆಯಲ್ಲಿ ಆ ಹೊಣೆಯನ್ನು ಅರಿವಳಿಕೆ ತಜ್ಞರಿಗೆ ಕೊಟ್ಟರು. ಉಪಕರಣ ಜೋಡಿಸುವುದನ್ನು, ಮಾಹಿತಿ ಹೇಳುವುದನ್ನು ಬೇರೆ ಬೇರೆ ಹಂತ ಮಾಡಿದರು, ಚೆಕ್‌ಲಿಸ್ಟ್ ತಂದರು. 2007ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಒಂದು ಹಸ್ತಾಂತರಕ್ಕೆ ಸರಾಸರಿ ತಾಂತ್ರಿಕ ತಪ್ಪು 5.42ರಿಂದ 3.15ಕ್ಕೆ, ಬಿಟ್ಟುಹೋದ ಮಾಹಿತಿ 2.09ರಿಂದ 1.07ಕ್ಕೆ ಇಳಿಯಿತು.

ರೇಸಿನವರಿಗೆ ವೈದ್ಯಕೀಯ ತಿಳಿಯದು, ತಿಳಿಯಬೇಕಾಗಿಯೂ ಇರಲಿಲ್ಲ. ಅವರು ನೋಡಿದ್ದು ಯಾರು ಎಲ್ಲಿ ನಿಂತಿದ್ದಾರೆ, ಯಾರು ಯಾವಾಗ ಮಾತಾಡುತ್ತಾರೆ ಎಂಬುದನ್ನು. ನೀವೂ ಮೂರು ನಾಲ್ಕು ಪಾಳಿ ಬದಲಾವಣೆಗಳನ್ನು ವಿಡಿಯೊ ಮಾಡಿ (ಎಲ್ಲರ ಒಪ್ಪಿಗೆ ಪಡೆದು), ವಿವರಣೆ ಕೊಡದೆ ತೋರಿಸಿ. ನೀವು ಬಾಯಲ್ಲಿ ವಿವರಿಸಿದರೆ ಅವರಿಗೆ ಸಿಗುವುದು ಕೆಲಸ ಹೇಗೆ ನಡೆಯಬೇಕು ಎಂಬ ಚಿತ್ರ. ಹೇಗೆ ನಡೆಯುತ್ತಿದೆ ಎಂಬುದು ವಿಡಿಯೊದಲ್ಲಿ ಮಾತ್ರ ಇರುತ್ತದೆ.

ಉತ್ತರ 2 (ಸಂಶೋಧನೆ ಮತ್ತು ಅಭಿವೃದ್ಧಿ)

ಮೇಲಿನದ್ದು ಸರಿ, ಆದರೆ ಅದಕ್ಕೂ ಮೊದಲು ಪ್ರಶ್ನೆಯನ್ನು ತಿರುಗಿ ಬರೆಯಬೇಕು. ಹೆಚ್ಚಿನ ಪ್ರಯತ್ನಗಳು ಕೆಡುವುದು ಇಲ್ಲೇ. "ಎರಡನೇ ಪಾಳಿಯವರು ಜಾಬ್ ಕಾರ್ಡ್ (ಕೆಲಸದ ವಿವರ ಬರೆಯುವ ಚೀಟಿ) ಸರಿಯಾಗಿ ತುಂಬುವಂತೆ ಮಾಡುವುದು ಹೇಗೆ?" ಎಂದು ಬರೆದರೆ ಅದರೊಳಗೆ ಪರಿಹಾರ ಆಗಲೇ ಕೂತಿದೆ, ಕಾರ್ಡು. ಹೊರಗಿನವರು ಕಾರ್ಡಿನ ಬಣ್ಣ, ಅಳತೆ ಬಗ್ಗೆ ಹೇಳಿ ಹೋಗುತ್ತಾರೆ. ಹೀಗೆ ಬರೆಯಿರಿ: "ಒಂದು ಗುಂಪು ಹೋಗುತ್ತದೆ, ಇನ್ನೊಂದು ಬರುತ್ತದೆ. ನಡುವೆ 10 ನಿಮಿಷ. ಅರ್ಧಕ್ಕೆ ನಿಂತ ಕೆಲಸಗಳು ಎಂಟು. ಯಾವುದು ತಿಳಿಯದಿದ್ದರೆ ಕೆಲಸ ಕೆಡುತ್ತದೋ ಅದು ಬಂದವರಿಗೆ ತಪ್ಪದೆ ತಿಳಿಯಬೇಕು."

ಅರ್ಧ ಪುಟ ಸಾಕು. ನಾಲ್ಕು ವಿಷಯ ಇರಲಿ: ಏನಾಗಬೇಕು, ಈಗ ಏನಾಗುತ್ತಿದೆ (ಸಂಖ್ಯೆಯಲ್ಲಿ), ಯಾವುದನ್ನು ಬದಲಿಸುವಂತಿಲ್ಲ, ಈಗಾಗಲೇ ಏನು ಮಾಡಿ ನೋಡಿದ್ದೀರಿ. ಕೊನೆಯದನ್ನು ಮೊದಲ ಸುತ್ತು ಮುಗಿಯುವವರೆಗೆ ಮುಚ್ಚಿಡಿ. ನಿಮ್ಮ ವಿಭಾಗದ ಸಂಕ್ಷೇಪಾಕ್ಷರ, ಯಂತ್ರದ ಅಡ್ಡಹೆಸರು ಒಂದೂ ಬೇಡ. ಪಕ್ಕದ ವಿಭಾಗದ ಗುಮಾಸ್ತರೊಬ್ಬರಿಗೆ ಓದಲು ಕೊಡಿ. ಎರಡು ಕಡೆಗಿಂತ ಹೆಚ್ಚು ನಿಂತು ಅರ್ಥ ಕೇಳಿದರೆ ಮತ್ತೆ ಬರೆಯಿರಿ.

ಪ್ರಶ್ನೆ ಬಿಡಿಸಿ ಹೇಳಿದರೆ ಎಂಥವರೂ ಸಹಾಯಕ್ಕೆ ಬರುತ್ತಾರೆ. ಸಮುದ್ರಕ್ಕೆ ಚೆಲ್ಲಿದ ತೈಲವನ್ನು ಶೀತ ಪ್ರದೇಶದಲ್ಲಿ ಎತ್ತಿ ತುಂಬಿಕೊಂಡರೆ ಅದು ಗಟ್ಟಿಯಾಗಿ ಪಂಪಿಗೆ ಬರುವುದಿಲ್ಲ. 2007ರಲ್ಲಿ ಇದನ್ನು ಬಹಿರಂಗ ಸವಾಲಾಗಿ ಇಟ್ಟಾಗ 20,000 ಡಾಲರ್ ಬಹುಮಾನ ಗೆದ್ದದ್ದು ತೈಲ ಉದ್ಯಮದ ಹೊರಗಿನ ಒಬ್ಬ ರಸಾಯನಶಾಸ್ತ್ರಜ್ಞ. ಕಾಂಕ್ರೀಟ್ ಹರಿಯುವಂತೆ ಕದಲಿಸುವ ವೈಬ್ರೇಟರನ್ನೇ ತೈಲಕ್ಕೂ ಇಳಿಸಿ ಎಂದರು. "ಕಚ್ಚಾ ತೈಲದ ಪಂಪ್ ಸುಧಾರಣೆ" ಎಂಬ ತಲೆಬರಹ ಇದ್ದಿದ್ದರೆ ಕಾಂಕ್ರೀಟ್ ಯಾರ ತಲೆಗೂ ಬರುತ್ತಿರಲಿಲ್ಲ.

ಇನ್ನೊಂದು ಎಚ್ಚರಿಕೆ. ಬಡಗಿಗಳು, ಚಾವಣಿ ಕೆಲಸದವರು, ಇನ್‌ಲೈನ್ ಸ್ಕೇಟಿಂಗ್ (ಒಂದೇ ಸಾಲಿನ ಚಕ್ರಗಳ ಬೂಟು ಹಾಕಿ ಜಾರುವ ಆಟ) ಮಾಡುವವರು, ಈ ಮೂರು ಗುಂಪುಗಳಿಗೆ ತಮ್ಮ ಮತ್ತು ಉಳಿದಿಬ್ಬರ ಸುರಕ್ಷಾ ಸಾಧನಗಳ ಬಗ್ಗೆ ಉಪಾಯ ಕೇಳಿದ ಅಧ್ಯಯನ 2014ರಲ್ಲಿ ಬಂತು. ಬೇರೆಯವರ ಸಾಧನಕ್ಕೆ ಕೊಟ್ಟ ಉಪಾಯಗಳು ಹೆಚ್ಚು ಹೊಸತಾಗಿದ್ದವು, ಆದರೆ ತಕ್ಷಣ ಬಳಕೆಗೆ ಬರುವ ಗುಣ ಕಡಿಮೆ ಇತ್ತು. ಹೊರಗಿನವರ ಮಾತನ್ನು ಕಚ್ಚಾ ಸಾಮಗ್ರಿ ಎಂದು ತಿಳಿಯಿರಿ, ಅಡುಗೆ ಒಳಗಿನವರೇ ಮಾಡಬೇಕು.

ಉತ್ತರ 3 (ಮಾನವ ಸಂಪನ್ಮೂಲ)

ಹೊಸದಾಗಿ ಸೇರಿದವರನ್ನು ಮರೆಯಬೇಡಿ. ಖರ್ಚಿಲ್ಲದೆ ಸಿಗುವ ಹೊರಗಿನವರು ಅವರೇ. ಮೊದಲ ದಿನವೇ ಒಂದು ನೋಟ್‌ಬುಕ್ ಕೊಡಿ, ಎರಡು ಕಾಲಂ: "ಕಂಡದ್ದು", "ಯಾಕೆ ಹೀಗೆ?" ದಿನಕ್ಕೆ ಮೂರು ಸಾಲು, 30 ದಿನ. ಮೊದಲ 10 ದಿನ ಎರಡನೇ ಕಾಲಮಿಗೆ ಯಾರೂ ಉತ್ತರ ಕೊಡಬಾರದು, ಕೊಟ್ಟರೆ ಪ್ರಶ್ನೆ ಹುಟ್ಟುವುದೇ ನಿಲ್ಲುತ್ತದೆ. 15ನೇ ದಿನ, 30ನೇ ದಿನ ಅರ್ಧ ಗಂಟೆ ಕೂತು ಓದಿ. ಓದುವವರು ಅವರ ನೇರ ಮೇಲಧಿಕಾರಿ ಆಗಿರಬಾರದು. ಅವರ ಖಾಯಮಾತಿ ಆ ಅಧಿಕಾರಿಯ ಕೈಲಿದ್ದರೆ ಪುಸ್ತಕದಲ್ಲಿ ಹೊಗಳಿಕೆ ಮಾತ್ರ ತುಂಬುತ್ತದೆ.

ಎರಡು ಮೂರು ತಿಂಗಳಲ್ಲಿ ಕಣ್ಣು ಒಗ್ಗಿಹೋಗುತ್ತದೆ, ಆಮೇಲೆ ಕೇಳಿ ಪ್ರಯೋಜನವಿಲ್ಲ. ತಂಡಗಳಿಗೂ ಇದೇ ಕಥೆ. 50 ಸಂಶೋಧನಾ ತಂಡಗಳ ಮೇಲೆ ನಡೆದ, 1982ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸದಸ್ಯರು ಸರಾಸರಿ ಐದು ವರ್ಷಕ್ಕಿಂತ ಹೆಚ್ಚು ಒಟ್ಟಿಗಿದ್ದ ತಂಡಗಳ ಸಾಧನೆ ಇಳಿದಿತ್ತು, ಹೊರಗಿನವರೊಂದಿಗೆ ಅವರ ಮಾತುಕತೆಯೂ ಕಡಿಮೆಯಾಗಿತ್ತು. ನಿಮ್ಮ ಏಳೆಂಟು ವರ್ಷ ಓದಿದಾಗ ಅದೇ ನೆನಪಾಯಿತು.

ಉತ್ತರ 4 (ಗುಣಮಟ್ಟ ಮತ್ತು ಸುರಕ್ಷತೆ)

ನನ್ನದು ಸ್ವಲ್ಪ ಭಿನ್ನ ಅಭಿಪ್ರಾಯ. ಹೊರಗಿನವರಿಗೆ ಕಾಣುವ ಪ್ರತಿ "ಅರ್ಥವಿಲ್ಲದ ಹೆಜ್ಜೆ"ಯೂ ಅರ್ಥವಿಲ್ಲದ್ದಲ್ಲ. ಹಿಂದೆ ಯಾವುದೋ ಅಪಘಾತ ಆದ ಮೇಲೆ ಸೇರಿಸಿದ ತಪಾಸಣೆ ಇರಬಹುದು. ಅದಕ್ಕೇ ಬಂದ ಪ್ರತಿ ಪ್ರಶ್ನೆಯನ್ನೂ ಮೂರು ಗುಡ್ಡೆ ಮಾಡಿ:

- ಕಾರಣ ಇದೆ, ದಾಖಲೆಯೂ ಇದೆ. ಮುಟ್ಟಬೇಡಿ.
- ಕಾರಣ ಇತ್ತು, ಈಗ ಇಲ್ಲ (ಆ ಯಂತ್ರವೇ ಹೋಗಿದೆ, ಆ ನಿಯಮ ಬದಲಾಗಿದೆ). ತೆಗೆಯಿರಿ.
- ಕಾರಣ ಯಾರಿಗೂ ಗೊತ್ತಿಲ್ಲ. ಪರೀಕ್ಷೆಗೆ ಹಾಕಿ.

ಮೂರನೆಯ ಗುಡ್ಡೆಗಾಗಿಯೇ ಇಷ್ಟೆಲ್ಲ ಶ್ರಮ. ಪರೀಕ್ಷೆ ಎಂದರೆ ಒಂದೇ ಬದಲಾವಣೆ, ಒಂದೇ ಕಡೆ, ಎರಡು ವಾರ. ಅಳೆಯುವುದು ಒಂದೇ ಸಂಖ್ಯೆ, ನಿಮ್ಮಲ್ಲಾದರೆ ಪಾಳಿಗೆ ಎಷ್ಟು ಕೆಲಸ ಮತ್ತೆ ಮಾಡಬೇಕಾಯಿತು ಎಂಬುದು. ಶುರು ಮಾಡುವ ಮೊದಲಿನ ಎರಡು ವಾರದ ಲೆಕ್ಕ ಕೈಯಲ್ಲಿರಬೇಕು, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಯಾವ ಸ್ಥಿತಿ ಬಂದರೆ ನಿಲ್ಲಿಸಿ ಹಳೆಯದಕ್ಕೆ ಮರಳುತ್ತೀರಿ ಎಂಬುದನ್ನೂ ಮೊದಲೇ ಬರೆದಿಡಿ.

ಗೆಲುವಿನ ಅಳತೆಯನ್ನು ನಡುವೆ ಬದಲಿಸಬೇಡಿ. ಸಮುದ್ರದಲ್ಲಿ ರೇಖಾಂಶ (ಹಡಗು ಪೂರ್ವ-ಪಶ್ಚಿಮವಾಗಿ ಎಲ್ಲಿದೆ ಎಂಬುದು) ಕಂಡುಹಿಡಿಯಲು ಬ್ರಿಟನ್ 1714ರಲ್ಲಿ 20,000 ಪೌಂಡ್ ಬಹುಮಾನ ಇಟ್ಟಾಗ ಷರತ್ತು ಸ್ಪಷ್ಟವಿತ್ತು, ಅರ್ಧ ಡಿಗ್ರಿಯೊಳಗೆ. ಉತ್ತರವಾಗಿ ಸಮುದ್ರದಲ್ಲೂ ಸರಿಯಾದ ಸಮಯ ತೋರಿಸುವ ಗಡಿಯಾರ ತಂದ ಜಾನ್ ಹ್ಯಾರಿಸನ್ ಬಡಗಿ ಕೆಲಸದಿಂದ ಗಡಿಯಾರಕ್ಕೆ ಬಂದವರು, ತೀರ್ಪು ಕೊಡುವ ಮಂಡಳಿಯಲ್ಲಿ ಖಗೋಳಶಾಸ್ತ್ರಜ್ಞರಿದ್ದರು. ಗಡಿಯಾರ ಹಡಗಿನಲ್ಲಿ ಪರೀಕ್ಷೆ ಗೆದ್ದ ಮೇಲೂ 1765ರಲ್ಲಿ ಹೊಸ ಷರತ್ತು ಬಂತು: ರಹಸ್ಯ ಬಿಚ್ಚಬೇಕು, ಪ್ರತಿಗಳನ್ನು ಮಾಡಿ ತೋರಿಸಬೇಕು. ಇನ್ನೊಬ್ಬರೂ ಅದನ್ನು ಮಾಡಲಾಗಬೇಕು ಎಂಬ ಕಾಳಜಿ ನ್ಯಾಯವಾದದ್ದೇ, ಆದರೆ ಅದನ್ನು ಮೊದಲ ದಿನವೇ ಬರೆಯಬೇಕಿತ್ತು. ಅವರ ಬಾಕಿ ಹಣದ ವಿಚಾರ ಮುಗಿದದ್ದು 1773ರಲ್ಲಿ, ಸಂಸತ್ತಿನ ಮೂಲಕ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಒಂದು ಅಳುಕು ಇದೆ. ನಮ್ಮ ಹಿರಿಯರಿಗೆ ಇದು ತಪ್ಪು ಹುಡುಕುವ ಕೆಲಸದಂತೆ ಕಂಡರೆ?

ಉತ್ತರ 5 (ಉತ್ಪಾದನೆ)

ಖಂಡಿತ ಕಾಣುತ್ತದೆ, ಅದಕ್ಕೆ ಮೊದಲ ಕೆಲಸ ಅವರದ್ದೇ ಆಗಲಿ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಹಾಗೆ, ಹತ್ತು ವರ್ಷದಿಂದ ಅವರು ಹೇಳುತ್ತಿದ್ದುದನ್ನೇ ಹೊರಗಿನವರು ಹೇಳಿದಾಗ ಎಲ್ಲರೂ ತಲೆದೂಗಿದರೆ ಅವರ ಮನಸ್ಸು ಮುರಿಯುತ್ತದೆ. ಹೊರಗಿನವರು ಬರುವ ಒಂದು ವಾರ ಮೊದಲು ಪ್ರತಿಯೊಬ್ಬರಿಂದ "ನಾನಾಗಿದ್ದರೆ ಬದಲಿಸುವುದು" ಎಂದು ಎರಡು ವಿಷಯ ಬರೆಸಿ, ದಿನಾಂಕ ಹಾಕಿ ಇಡಿ. ಆಮೇಲೆ ಅದೇ ವಿಷಯ ಬಂದರೆ ಶ್ರೇಯಸ್ಸು ಮೊದಲು ಬರೆದವರಿಗೆ.

ಭೇಟಿಗೆ 90 ನಿಮಿಷ, ಹೊರಗಿನವರು ಮೂವರಿಂದ ಐವರು. 30 ನಿಮಿಷ ಬರೀ ನೋಡುವುದು, 20 ನಿಮಿಷ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಯುವುದು, 40 ನಿಮಿಷ ಮಾತು. ಮೊದಲ ಎರಡು ಭಾಗದಲ್ಲಿ ಒಳಗಿನವರದ್ದು ಮೌನ. "ಅದು ಆಗಲ್ಲ, ಯಾಕಂದ್ರೆ..." ಎಂದು ಶುರುವಾಗುವ ಮಾತು ಬಂದರೆ ಆ "ಯಾಕಂದ್ರೆ"ಯನ್ನು ಬೋರ್ಡಿನ ಮೇಲೆ ಬರೆಯಿರಿ. ಉತ್ತರ 4ರ ಗುಡ್ಡೆಗಳಿಗೆ ಅದೇ ಸಾಮಗ್ರಿ. ಹೊರಗಿನವರಿಂದ ಪರಿಹಾರ ಕೇಳಬೇಡಿ, ಪ್ರಶ್ನೆ ಮಾತ್ರ ಕೇಳಿ. ಪರಿಹಾರ ಕೇಳಿದರೆ ಹಿರಿಯರು ಅದನ್ನು ಹೊಡೆದುಹಾಕುವುದಕ್ಕೇ ಕೂರುತ್ತಾರೆ, ಪ್ರಶ್ನೆಯಾದರೆ ಉತ್ತರ ಅವರೇ ಹುಡುಕಬೇಕು.

ಆಯ್ದ ಪ್ರತಿ ವಿಷಯಕ್ಕೂ ಒಳಗಿನ ಒಬ್ಬರ ಹೆಸರು, ಒಂದು ತಾರೀಖು ಇರಲಿ. "ತಂಡ" ಎಂದು ಬರೆದರೆ ಯಾರೂ ಮಾಡುವುದಿಲ್ಲ. ಬಂದವರಿಗೆ ಹತ್ತು ದಿನದೊಳಗೆ ಯಾವುದನ್ನು ಎತ್ತಿಕೊಂಡಿರಿ, ಯಾವುದನ್ನು ಬಿಟ್ಟಿರಿ, ಯಾಕೆ ಎಂದು ಒಂದು ಪುಟ ಬರೆದು ಕಳಿಸಿ. ಮುಂದಿನ ಸಲ ಕರೆದಾಗ ಅವರು ಬರುವುದು ಆ ಕಾಗದ ತಲುಪಿದ್ದರೆ ಮಾತ್ರ.